ಹೂವು ಕೇಳುವಾಗ ನಾನು ಆಡಿದ ಆಟ

ಪಾಂಡವಪುರದ ಒಂದು ಕಚೇರಿಯಲ್ಲಿ ನಾನು ಗುಮಾಸ್ತನಾಗಿದ್ದೆ. ಮನೆ ಅರಕೆರೆಯಲ್ಲಿ. ಬೆಳಿಗ್ಗೆ ಅರಕೆರೆಯಿಂದ ಶ್ರೀರಂಗಪಟ್ಟಣಕ್ಕೆ ಒಂದು ಬಸ್ಸು, ಅಲ್ಲಿಂದ ಪಾಂಡವಪುರಕ್ಕೆ ಇನ್ನೊಂದು; ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ಕೆಲಸ ಮಾಡುತ್ತಿದ್ದುದಕ್ಕಿಂತ ಬಸ್ಸು ಕಾಯುತ್ತಿದ್ದುದೇ ಹೆಚ್ಚು. ಯಾರಾದರೂ ಏನು ಉದ್ಯೋಗ ಎಂದು ಕೇಳಿದರೆ, ಕಾಯುವುದು ಎಂದೇ ಹೇಳಬೇಕಿತ್ತು. ಆದರೆ ಮದುವೆಯಾಗದ ಗಂಡು ಹಾಗೆಲ್ಲ ನಿಜ ಹೇಳಿಕೊಂಡು ತಿರುಗುವ ಹಾಗಿರಲಿಲ್ಲ.

ತೊಂಬತ್ತರ ದಶಕದ ನಡುಭಾಗ ಅದು. ಈಗ ಬಸ್‌ಸ್ಟ್ಯಾಂಡಿನಲ್ಲಿ ನಿಂತವರೆಲ್ಲ ತಲೆ ಬಗ್ಗಿಸಿಕೊಂಡು ಮೊಬೈಲಿನಲ್ಲಿ ಬಣ್ಣಬಣ್ಣದ ಗುಂಡು ಒಡೆಯುತ್ತಿರುತ್ತಾರಲ್ಲ, ಆಗ ಇಡೀ ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಹಾಗೆ ತಲೆ ಬಗ್ಗಿಸಿಕೊಂಡು ನಿಲ್ಲುತ್ತಿದ್ದವನು ನಾನೊಬ್ಬನೇ. ಮಿಕ್ಕವರು ಕಡಲೆಕಾಯಿ ತಿನ್ನುತ್ತಿದ್ದರು, ಊರ ಸುದ್ದಿ ಮಾತಾಡುತ್ತಿದ್ದರು, ಸೀಟಿಗೆ ಟವಲು ಎಸೆದು ಜಗಳವಾಡುತ್ತಿದ್ದರು. ನನ್ನ ಕೈಯಲ್ಲಿ ಬ್ರಿಕ್ ಗೇಮ್ ಇತ್ತು. ಈ ಒಂದು ವಿಷಯದಲ್ಲಿ ನಾನು ಕಾಲಕ್ಕಿಂತ ಮುಂದಿದ್ದೆ. ಬೇರೆ ಯಾವ ವಿಷಯದಲ್ಲೂ ಮುಂದಿರಲಿಲ್ಲವಾದ್ದರಿಂದ ಇದನ್ನಾದರೂ ಹೇಳಿಕೊಳ್ಳುತ್ತೇನೆ.

ನೋಡದವರಿಗಾಗಿ ಹೇಳಿಬಿಡುತ್ತೇನೆ. ಅಂಗೈಗಿಂತ ಒಂದಿಷ್ಟು ಉದ್ದದ ಪ್ಲಾಸ್ಟಿಕ್ ಡಬ್ಬಿ. ಮೇಲೆ ಸಣ್ಣ ಗಾಜಿನ ಕಿಟಕಿ, ಕೆಳಗೆ ಹಳದಿ ಗುಂಡಿಗಳು. ಕಿಟಕಿಯ ಮೇಲ್ಗಡೆಯಿಂದ ಇಟ್ಟಿಗೆ ತುಂಡುಗಳು ಒಂದೊಂದೇ ಬೀಳುತ್ತವೆ. ಒಂದು ಉದ್ದ, ಒಂದು ಚೌಕ, ಒಂದು ಡೊಂಕು. ಅವನ್ನು ತಿರುಗಿಸಿ, ಎಡಕ್ಕೋ ಬಲಕ್ಕೋ ತಳ್ಳಿ ಸಂದಿಲ್ಲದ ಹಾಗೆ ಕೂರಿಸಬೇಕು. ಒಂದು ಸಾಲು ತುಂಬಿದರೆ ಆ ಸಾಲು ಮಾಯವಾಗಿ ಅಂಕ ಬರುತ್ತದೆ. ತುಂಬದಿದ್ದರೆ ಗೋಡೆ ಏರಿ ಏರಿ ಮೇಲೆ ಮುಟ್ಟಿ ಆಟ ಮುಗಿಯುತ್ತದೆ. ಡಬ್ಬಿಯ ಮೇಲೆ ಸಾವಿರಾರು ಆಟಗಳಿವೆ ಎಂದು ಬರೆದಿತ್ತು. ಇದ್ದದ್ದು ಏಳೋ ಎಂಟೋ. ಮೈಸೂರಿನ ಫುಟ್‌ಪಾತಿನವನು ನನ್ನ ಮುಖ ನೋಡಿದ ತಕ್ಷಣವೇ ಇವನು ಎಣಿಸುವ ಪೈಕಿ ಅಲ್ಲ ಎಂದು ತಿಳಿದುಕೊಂಡಿದ್ದ.

ಸುಮ್ಮನೆ ಹೊತ್ತು ಕಳೆಯಲಿ ಎಂದು ಕೊಂಡದ್ದು. ಹೊತ್ತು ಕಳೆಯಿತು, ಜೊತೆಗೆ ಬಸ್ಸುಗಳೂ ಹೋದವು. ಬಸ್ಸಿಗೆ ಕಾಯುತ್ತಾ ಆಡುವುದು, ಆಡುತ್ತಾ ಬಸ್ಸು ತಪ್ಪಿಸಿಕೊಳ್ಳುವುದು, ತಪ್ಪಿದ್ದಕ್ಕೆ ಇನ್ನಷ್ಟು ಹೊತ್ತು ಆಡುವುದು. ಒಮ್ಮೆ ಕೆ.ಆರ್. ಪೇಟೆ ಬಸ್ಸು ಹತ್ತಿದವನು ಪಾಂಡವಪುರದಲ್ಲಿ ಇಳಿಯುವುದನ್ನು ಮರೆತು ಚಿನಕುರಳಿಯಲ್ಲಿ ತಲೆ ಎತ್ತಿದೆ. ಕಂಡಕ್ಟರು, "ಯಾಕ್ಸಾ, ಇವತ್ತು ಆಫೀಸು ಈ ಕಡಿಕ್ಕೆ ಬಂದ್ಬುಟ್ಟದಾ?" ಎಂದ. ಇನ್ಸ್‌ಪೆಕ್ಷನ್‌ಗೆ ಹೊರಟಿದ್ದೇನೆ ಎಂದು ಗಂಭೀರವಾಗಿ ಹೇಳಿ ಇಳಿದೆ. ಇಳಿದ ಮೇಲೆ ಅಲ್ಲೇ ಕಟ್ಟೆಯ ಮೇಲೆ ಕೂತು ಆಟ ಮುಂದುವರಿಸಿದೆ.

ಆ ಡಬ್ಬಿಗೆ ಪೆನ್ಸಿಲ್ ಸೆಲ್ಲು ಹಾಕಬೇಕು. ಸೆಲ್ಲು ಸೋತರೆ ತಾರಸಿಯ ಮೇಲೆ ಅಮ್ಮ ಒಣಗಲು ಹಾಕಿದ ಸಂಡಿಗೆಯ ಪಕ್ಕದಲ್ಲಿ ಅವನ್ನೂ ಬಿಸಿಲಿಗಿಡುತ್ತಿದ್ದೆ. ಸಂಜೆಗೆ ಅರ್ಧ ಗಂಟೆಯ ಜೀವ ಬಂದಿರುತ್ತಿತ್ತು. ಅಪ್ಪ ಇದನ್ನೆಲ್ಲ ಬಹಳ ದಿನ ನೋಡಿಯೂ ನೋಡದವರಂತೆ ಇದ್ದರು. ಕೊನೆಗೊಂದು ದಿನ ತಡೆಯಲಾರದೆ, "ಲೇ, ಇಪ್ಪತ್ತೇಳು ವರ್ಸದ ಕತ್ತೆ ನೀನು. ಮಗೀನಂಗೆ ಕೀಂ ಕೀಂ ಅನ್ನುಸ್ಕಂಡು ಕುಂತಿದ್ದೀಯಲ್ಲಾ, ಒಂದು ಹೆಣ್ಣು ನೋಡಾನ ನಡಿ, ಆಗ್ಲಾದ್ರೂ ಈ ಡಬ್ಬ ಬುಟ್ಟೀಯ" ಎಂದರು.

ಹೀಗೆ, ಡಬ್ಬ ಬಿಡಿಸುವ ಉಪಾಯವಾಗಿ, ನನಗೆ ಹೆಣ್ಣು ನೋಡಲು ಹೊರಟೆವು.

ಹೆಣ್ಣಿನ ಊರು ಕೆ.ಆರ್. ಪೇಟೆಯಿಂದ ಒಳಕ್ಕೆ, ಗೋವಿಂದನಹಳ್ಳಿಯ ಕಡೆ. ನಾನು, ಅಪ್ಪ, ಇಬ್ಬರೇ ಹೋದದ್ದು. ಜಗಲಿಯ ಮೇಲೆ ಹುಡುಗಿಯ ಅಜ್ಜಿ ಕೂತಿದ್ದರು. ಎರಡೂ ಕಣ್ಣಿಗೆ ಪೊರೆ ಬಂದು ಬೆಳ್ಳಗಾಗಿತ್ತು. ಅಜ್ಜಿ ಅಪ್ಪನ ಕೈ ಹಿಡಿದು ಸವರಿ, "ಎಷ್ಟು ಓದಿದ್ದೀಯ ಮಗ? ಸಂಬ್ಳ ಎಂಗೆ?" ಎಂದು ಕೇಳಿದರು. ಅಪ್ಪ ನಾಚಿಕೊಂಡು, "ಗಂಡು ನಾನಲ್ಲ ತಾಯಿ, ಇವ್ನು" ಎಂದು ನನ್ನನ್ನು ಮುಂದಕ್ಕೆ ತಳ್ಳಿದರು. ಅಜ್ಜಿ ನನ್ನ ಕೈಯನ್ನೂ ಸವರಿ ನೋಡಿದರು. ಒಂದೇ ಮಾತು ಅಂದರು: "ಗೆಯ್ಮೆ ಮಾಡಿದ ಕೈ ಅಲ್ಲ."

ಹುಡುಗಿ ಉಪ್ಪಿಟ್ಟು ತಂದಿಟ್ಟಳು. ನಗಲಿಲ್ಲ, ತಲೆ ಎತ್ತಲಿಲ್ಲ. ಅವಳ ಅಪ್ಪ, "ಪಿಯುಸಿ ಪಾಸಾಗವ್ಳೆ ಯಜಮಾನ್ರೆ" ಎಂದರು. ಆಕೆ ಬಾಗಿಲ ಹತ್ತಿರ ಹೋದವಳು ನಿಂತು, "ಇಲ್ಲ, ಇಂಗ್ಲಿಷ್ನಲ್ಲಿ ಫೇಲು" ಎಂದು ಹೇಳಿ ಒಳಗೆ ಹೋದಳು. ಅವಳ ಅಪ್ಪನ ಮುಖ ನೋಡಬೇಕಿತ್ತು. ನನಗೆ ಮಾತ್ರ ಅಲ್ಲೇ, ಆ ಉಪ್ಪಿಟ್ಟಿನ ತಟ್ಟೆ ಕೈಯಲ್ಲಿರುವಾಗಲೇ, ಇವಳೇ ಆಗಬೇಕು ಅನ್ನಿಸಿಬಿಟ್ಟಿತು. ಚಿನಕುರಳಿಯಲ್ಲಿ ಇನ್ಸ್‌ಪೆಕ್ಷನ್ ಮಾಡುವ ಮನುಷ್ಯನಿಗೆ ಇಂಥ ಹೆಂಡತಿ ಬೇಕು. ಅವಳು ತಲೆ ಎತ್ತದಿದ್ದುದಕ್ಕೂ ನಾನೇ ಒಂದು ಕಾರಣ ಹುಡುಕಿಕೊಂಡೆ: ಪಾಂಟು ಶರ್ಟಿನ ಗಂಡು, ಸರ್ಕಾರಿ ಕೆಲಸ, ಪಾಪ, ಹೆದರಿದ್ದಾಳೆ.

ನಿಜವಾದ ಕಾರಣವನ್ನು ಅವಳ ಅಪ್ಪ ನಾವು ಹೊರಡುವಾಗ ಹೇಳಿದರು. "ನಮ್ಮನೇಲಿ ಊರಮ್ಮನ್ನ ಕೇಳ್ದೆ ಏನೂ ಮಾಡಾಕಿಲ್ಲ ಯಜಮಾನ್ರೆ. ಅಮ್ಮ ಬಲಕ್ಕೆ ಹೂವು ಕೊಟ್ರೆ ಸಂಬಂಧ, ಎಡಕ್ಕೆ ಕೊಟ್ರೆ ಇಲ್ಲ. ಈ ಮಗೀಗೆ ಆಗ್ಲೇ ಎರಡು ಕಿತ ಎಡಕ್ಕಾಗದೆ. ಈ ಕಿತಾನೂ ಅಂಗೇ ಆದ್ರೆ ಇನ್ನು ಅಮ್ಮನ್ನ ಕೇಳಾಕೆ ನಂಗೆ ಮೊಕ ಇಲ್ಲ. ನಾಗಮಂಗಲದ ಕಡೆಯೋರು ಒಬ್ರು ಕೇಳ್ತಾವ್ರೆ. ಹೆಂಡ್ತಿ ತೀರೋಗವ್ರೆ, ದೊಡ್ಡ ದೊಡ್ಡ ಮಕ್ಳವ್ರೆ. ಅವರಿಗೆ ಹೂವು ಗೀವು ಏನೂ ಬ್ಯಾಡ್ವಂತೆ. ಕೊಟ್ಬುಡಾದೇಯ." ಅವರು ಇದನ್ನು ಹೇಳುವಾಗ ಹುಡುಗಿ ಒಳಗೆ ಪಾತ್ರೆ ತೊಳೆಯುತ್ತಿದ್ದಳು. ಪಾತ್ರೆಯ ಸದ್ದು ಸ್ವಲ್ಪ ಹೊತ್ತು ನಿಂತಿತ್ತು.

ಹೂವು ಕೇಳುವುದು ಹೇಗೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಪೂಜಾರಿ ಕಣಗಿಲೆ ಹೂಗಳನ್ನು ನೀರಿನಲ್ಲಿ ಅದ್ದಿ ಅಮ್ಮನ ಮೈತುಂಬ ಅಂಟಿಸುತ್ತಾನೆ. ಮಂಗಳಾರತಿ ಎತ್ತಿ, ಬಂದವರ ಮಾತನ್ನು ಅಮ್ಮನಿಗೆ ಒಪ್ಪಿಸುತ್ತಾನೆ. ಆಮೇಲೆ ಎಲ್ಲರೂ ಕೈ ಮುಗಿದು ನಿಂತು ನೋಡುತ್ತಿರಬೇಕು. ಅಮ್ಮನ ಬಲಗಡೆಯ ಹೂವು ಮೊದಲು ಜಾರಿ ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಇಲ್ಲ. ಕೆಲವು ಸಲ ಐದು ನಿಮಿಷಕ್ಕೇ ಬೀಳುತ್ತದೆ. ಕೆಲವು ಸಲ ಎರಡು ಗಂಟೆಯಾದರೂ ಅಮ್ಮ ಅಲ್ಲಾಡುವುದಿಲ್ಲ. ಮಾತಾಡಬಾರದು, ಕೆಮ್ಮಬಾರದು, ಕಣ್ಣು ಬೇರೆ ಕಡೆ ಹೊರಳಿಸಬಾರದು.

ಆಷಾಢ ಹಿಡಿಯಲು ಒಂದೇ ವಾರವಿತ್ತು. ಆಷಾಢದಲ್ಲಿ ಮದುವೆಯ ಮಾತೇ ಇಲ್ಲ. ಹಾಗಾಗಿ ಆ ಶುಕ್ರವಾರವೇ ಬೆಳಿಗ್ಗೆ ಗುಡಿಯಲ್ಲಿ ಸೇರಿದೆವು. ಚಿಕ್ಕ ಗುಡಿ. ಮುಂದೆ ಎರಡೂ ಕಡೆಯ ಅಪ್ಪಂದಿರು. ಅವರ ಹಿಂದೆ ಅಜ್ಜಿ, ಅಜ್ಜಿಯ ಕೈ ಹಿಡಿದುಕೊಂಡು ಹುಡುಗಿ. ಎಲ್ಲರಿಗಿಂತ ಹಿಂದೆ, ಕಂಬಕ್ಕೆ ಆತುಕೊಂಡು ನಾನು. ಗಂಡು ಮುಂದೆ ನಿಂತುಕೊಳ್ಳಲಿ ಎಂದು ಪೂಜಾರಿ ಕರೆದ. ವಿನಯದಿಂದ ಬೇಡವೆಂದೆ. ನನ್ನ ವಿನಯಕ್ಕೆ ಜೇಬಿನಲ್ಲಿ ಬೇರೆ ಕಾರಣವಿತ್ತು.

ಒಂದು ಮಾತನ್ನು ನನ್ನ ಪರವಾಗಿ ಹೇಳಿಕೊಳ್ಳಬೇಕು. ಬೇಜಾರಾಗಿ ಆಡಲು ಶುರು ಮಾಡಿದ್ದಲ್ಲ. ಮೊದಲ ಅರ್ಧ ಗಂಟೆ ನಾನೂ ನೋಡಿದೆ. ಅಮ್ಮನ ಎಡ ಭುಜದ ಮೇಲೆ ಒಂದು ಕಣಗಿಲೆ ಅರ್ಧ ಜಾರಿ ನಿಂತಿತ್ತು. ಈಗ ಬಿತ್ತು, ಇನ್ನೇನು ಬಿತ್ತು ಎನ್ನುವ ಹಾಗೆ. ಅದನ್ನು ನೋಡುತ್ತಾ ನೋಡುತ್ತಾ ಎದೆ ಎಷ್ಟು ಹೊಡೆದುಕೊಂಡಿತೆಂದರೆ ಇನ್ನು ನೋಡುವುದು ನನ್ನ ಕೈಯಲ್ಲಿ ಆಗಲಿಲ್ಲ. ಹೆದರಿಕೆ, ಬರೀ ಹೆದರಿಕೆ. ಕೈ ತಾನಾಗಿ ಜೇಬಿಗೆ ಹೋಯಿತು. ಸದ್ದು ಬಂದ್ ಮಾಡುವ ಗುಂಡಿ ಒತ್ತಿ, ಡಬ್ಬಿಯನ್ನು ಹೊಟ್ಟೆಯ ಹತ್ತಿರ ಮರೆ ಮಾಡಿಕೊಂಡು ಆಡತೊಡಗಿದೆ. ಡಬ್ಬಿಯಲ್ಲಾದರೆ ಬೀಳುವುದು ಎಲ್ಲಿ ಬೀಳಬೇಕೆಂದು ನಾನು ಹೇಳಬಹುದಿತ್ತು.

ಸ್ವಲ್ಪ ಹೊತ್ತಿಗೆ ನನಗೆ ನಾನೇ ಒಂದು ಹರಕೆ ಕಟ್ಟಿಕೊಂಡೆ. ಈ ಸಾಲು ತುಂಬಿದರೆ ಅಮ್ಮ ಬಲಕ್ಕೆ ಕೊಡುತ್ತಾಳೆ. ತುಂಬಿತು. ಇನ್ನೊಂದು ತುಂಬಿದರೆ ಖಂಡಿತ. ಅದೂ ತುಂಬಿತು. ಆಮೇಲೆ ಕೈಗೆ ಸಿಕ್ಕ ಇಟ್ಟಿಗೆಯನ್ನೆಲ್ಲ ಬಲಕ್ಕೇ ತಳ್ಳತೊಡಗಿದೆ. ಆಟ ಬಲ್ಲವರು ಯಾರೂ ಹಾಗೆ ಮಾಡುವುದಿಲ್ಲ. ಆದರೂ ಅಂದು ಅದೃಷ್ಟ ಹೇಗಿತ್ತೆಂದರೆ ಉದ್ದನೆ ತುಂಡುಗಳು ಬೇಕಾದಾಗಲೆಲ್ಲ ಬಂದು, ನನ್ನ ಜೀವಮಾನದ ಅತಿ ದೊಡ್ಡ ಅಂಕಕ್ಕೆ ಎರಡೇ ಎರಡು ಸಾಲು ಉಳಿಯಿತು. ನನ್ನ ಮದುವೆ ಮರೆತುಹೋಯಿತು. ಗುಡಿ ಮರೆತುಹೋಯಿತು. ಅಮ್ಮ ಕ್ಷಮಿಸಲಿ, ಅಮ್ಮನೂ ಮರೆತುಹೋದಳು.

ಆಗ ಅಪ್ಪ ಕುತ್ತಿಗೆ ಹೊರಳಿಸಿ ಹಿಂದೆ ನೋಡಿದರು.

ಡಬ್ಬಿಯನ್ನು ಪೂರ್ತಿ ಆಫ್ ಮಾಡಿದ್ದರೆ ಮುಗಿದು ಹೋಗುತ್ತಿತ್ತು. ಆದರೆ ಆಫ್ ಮಾಡಿದರೆ ಅಂಕ ಹೋಗುತ್ತದಲ್ಲ! ಆಟವನ್ನು ಇದ್ದಲ್ಲೇ ನಿಲ್ಲಿಸಿ, ಆಮೇಲೆ ಬಸ್ಸಿನಲ್ಲಿ ಮುಂದುವರಿಸೋಣ ಎಂದು ನಿಲ್ಲಿಸುವ ಗುಂಡಿಗಾಗಿ ತಡಕಾಡಿದೆ. ಅಲ್ಲಿ ನಾಲ್ಕು ಸಣ್ಣ ಗುಂಡಿಗಳು ಒಂದರ ಪಕ್ಕ ಒಂದು ಇದ್ದವು. ನಾನು ಒತ್ತಿದ್ದು ಎಲ್ಲವನ್ನೂ ಅಳಿಸಿ ಮೊದಲಿಂದ ಶುರು ಮಾಡುವ ಗುಂಡಿಯನ್ನು. ಹಾಗೆ ಶುರುವಾಗುವಾಗ ಆ ಡಬ್ಬಿ ತನ್ನ ಸದ್ದನ್ನು ತಾನೇ ವಾಪಸ್ಸು ಪಡೆದುಕೊಳ್ಳುತ್ತಿತ್ತು. ಅಷ್ಟೇ ಅಲ್ಲ, ಶುರುವಿನಲ್ಲಿ ಒಂದು ಹಾಡು ಬೇರೆ ಹೊಡೆಯುತ್ತಿತ್ತು. ಟಿರಿ ಟಿರಿ ಟೀ, ಟಿರಿ ಟಿರಿ ಟೀ. ಹಿಂದಿನ ದಿನವಷ್ಟೇ ಹೊಸ ಸೆಲ್ಲು ಹಾಕಿದ್ದೆ. ಆ ಕಲ್ಲಿನ ಗುಡಿಯಲ್ಲಿ ಸದ್ದು ಹೇಗೆ ಮೊಳಗಿತೆಂದರೆ ಮದುವೆಯ ಬ್ಯಾಂಡಿನವರು ಅಡ್ವಾನ್ಸು ಇಲ್ಲದೆಯೇ ಬಂದುಬಿಟ್ಟರೇನೋ ಅನ್ನಿಸಿತು.

ಎಲ್ಲರೂ ತಿರುಗಿದರು. ಪೂಜಾರಿ ತಿರುಗಿದ, ಅಪ್ಪಂದಿರಿಬ್ಬರೂ ತಿರುಗಿದರು. ನಾನು ಡಬ್ಬಿಯನ್ನು ಬಾಯಿ ಮುಚ್ಚಿಸುವವನಂತೆ ಎರಡೂ ಕೈಯಲ್ಲಿ ಅದುಮಿಕೊಂಡು ನಿಂತಿದ್ದೆ. ಹಾಡು ಮುಗಿಯುವವರೆಗೆ ಅದು ಕೇಳಲಿಲ್ಲ. ಮುಗಿದ ಮೇಲೆ ಎಲ್ಲರೂ ಅಮ್ಮನ ಕಡೆ ತಿರುಗಿದರೆ, ಪೀಠದ ಮೆಟ್ಟಿಲ ಮೇಲೆ, ಸರಿಯಾಗಿ ನಡುಮಧ್ಯದಲ್ಲಿ, ಒಂದು ಕಣಗಿಲೆ ಹೂವು ಬಿದ್ದಿತ್ತು.

"ಹೂವೇನೋ ಆಗದೆ" ಎಂದ ಪೂಜಾರಿ. "ಯಾವ ಕಡೆಯಿಂದ ಬಂತು ಅಂತ ಯಾರ್ ಕಂಡ್ರಿ?"

ಯಾರೂ ಕಂಡಿರಲಿಲ್ಲ. ನಾನು ಎಡ ಭುಜದ ಮೇಲೆ ಜಾರಿ ನಿಂತಿದ್ದ ಹೂವನ್ನು ಹುಡುಕಿದೆ. ಅಷ್ಟು ಹೂಗಳಲ್ಲಿ ಅದು ಯಾವುದೆಂದೇ ಗೊತ್ತಾಗಲಿಲ್ಲ.

"ಇನ್ನೊಂದು ಕಿತ ಕೇಳ್ಬುಡಿ ಪೂಜಾರಪ್ಪ" ಎಂದರು ಅಪ್ಪ.

"ತಾಯಿ ಕೊಟ್ಟವ್ಳೆ, ನಾವು ನೋಡ್ನಿಲ್ಲ. ಅದ್ಕೆ ಇನ್ನೊಂದು ಕಿತ ಕೊಡು ಅನ್ನಾಕಾಯ್ತದಾ? ಒಂದ್ ಮಾತು ಒಂದೇ ಸಲ. ಇನ್ನು ಆಷಾಢ ಕಳೀಲಿ, ನೋಡಾನ."

ಹುಡುಗಿಯ ಅಪ್ಪ ನೆಲ ನೋಡುತ್ತಾ, "ಆಷಾಢ ಕಳೆಯೋಗಂಟ ನಾಗಮಂಗಲದೋರು ಕಾಯಾಕಿಲ್ಲ" ಎಂದರು. ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯಲೂ ಇಲ್ಲ.

ನನ್ನ ಅಪ್ಪ ಬೈದರು. "ತೂ ನಿನ್ನ! ಗುಡೀಲಾದ್ರೂ ವಸಿ ಮನ್ಸನಂಗೆ ಇರಬಾರ್ದೇನ್ಲಾ?" ನಾನು ಹುಡುಗಿಯ ಕಡೆ ನೋಡಿದೆ. ಆಕೆ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆ ಎಂದು ತಿಳಿದುಕೊಂಡೆ. ಎರಡು ಸಲ ಅಮ್ಮ ಬೇಡವೆಂದಳು, ಮೂರನೆಯ ಸಲ ಅಮ್ಮ ಏನೆಂದಳೆಂದು ಕೇಳಿಸಿಕೊಳ್ಳಲೂ ನಾನು ಬಿಡಲಿಲ್ಲ. ಆ ಹುಡುಗಿಯನ್ನು ಮಕ್ಕಳೊಂದಿಗನಿಗೆ ಕಟ್ಟುವವನು ಅವಳ ಅಪ್ಪನಲ್ಲ, ನಾನೇ. ಎರಡು ಸಾಲು ಇಟ್ಟಿಗೆಗಾಗಿ.

ಆಗ ಅಜ್ಜಿ ಮಾತಾಡಿದರು.

"ಬಲಕ್ಕೆ ಬಿತ್ತು ಕಣ್ರಪ್ಪಾ" ಎಂದರು. "ನಾನು ಕಣ್ಣಾರೆ ಕಂಡೆ."

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಬೆಳಿಗ್ಗೆ ಗುಡಿಯ ಹೊಸ್ತಿಲು ಎಲ್ಲಿದೆ ಎಂದು ಕಾಲಲ್ಲಿ ತಡವಿಕೊಂಡು ಒಳಗೆ ಬಂದ ಅಜ್ಜಿ ಅದು. ಮೊನ್ನೆ ಮೊನ್ನೆ ನನ್ನ ಅಪ್ಪನನ್ನೇ ಮದುವೆ ಗಂಡು ಮಾಡಲು ಹೊರಟಿದ್ದ ಅಜ್ಜಿ. ಆದರೆ ಮನೆಯ ಹಿರಿಯರು, ಅಮ್ಮನ ಎದುರಿಗೆ ನಿಂತು, ಕೈ ಮುಗಿದು, ಕಣ್ಣಾರೆ ಕಂಡೆ ಎಂದ ಮೇಲೆ ಇಲ್ಲ ಎನ್ನುವವರು ಯಾರು? ಪೂಜಾರಿ ಒಂದು ಗಳಿಗೆ ಯೋಚಿಸಿ, ಮಂಗಳಾರತಿ ತಟ್ಟೆ ಎತ್ತಿಕೊಂಡು, "ಸರಿ, ಬಲಕ್ಕಾಗದೆ" ಎಂದುಬಿಟ್ಟ.

ಗುಡಿಯಲ್ಲಿ ಸದ್ದು ಮಾಡಿದ್ದಕ್ಕೆ ನಾನು ತಪ್ಪು ಕಾಣಿಕೆ ಕೊಡಬೇಕೆಂದು ತೀರ್ಮಾನವಾಯಿತು. ಏನು ಕೊಡಬೇಕೆಂದು ಯಾರೂ ಹೇಳುವ ಮುಂಚೆಯೇ ಅಪ್ಪ ನನ್ನ ಕೈಯಿಂದ ಡಬ್ಬಿ ಕಿತ್ತು ಅಮ್ಮನ ಪಾದದ ಹತ್ತಿರ ಇಟ್ಟರು, ಹೊಸ ಸೆಲ್ಲಿನ ಸಮೇತ. ಹೀಗೆ ಡಬ್ಬ ಬಿಡಿಸುವ ಅವರ ಉಪಾಯ, ಅವರೇ ಎಣಿಸದಷ್ಟು ಬೇಗ ಫಲ ಕೊಟ್ಟಿತು.

ಶ್ರಾವಣದಲ್ಲಿ ಪಾಂಡವಪುರದ ಛತ್ರದಲ್ಲಿ ಮದುವೆಯಾಯಿತು. ಹೊಸದರಲ್ಲಿ ಅಮ್ಮನಿಗೆ ಹಣ್ಣು ಕಾಯಿ ಮಾಡಿಸಲು ಇಬ್ಬರೂ ಹೋದೆವು. ಗುಡಿಯ ಹಿಂಭಾಗದಿಂದ ಟುಕ್ ಟುಕ್ ಎಂದು ಪರಿಚಿತವಾದ ಸದ್ದು ಕೇಳಿತು. ನಮ್ಮನ್ನು ಕಂಡು ಪೂಜಾರಿ ಡಬ್ಬಿಯನ್ನು ಪಂಚೆಯ ಮಡಿಲಿಗೆ ಸೇರಿಸಿಕೊಂಡು ಎದ್ದು ಬಂದ. ಪೂಜೆ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಇದ್ರ ಸದ್ದ ಎಂಗೆ ಬಂದ್ ಮಾಡಾದು ಸ್ವಾಮಿ? ಜನ ಹೂವು ಕೇಳ್ತಾ ನಿಂತಾಗ ವಸಿ ಕಷ್ಟ ಆಯ್ತದೆ" ಎಂದ. ಗುಂಡಿ ತೋರಿಸಿಕೊಟ್ಟೆ. ಯಾವ ಗುಂಡಿಯನ್ನು ಒತ್ತಬಾರದೆಂದೂ ಹೇಳಿಕೊಟ್ಟೆ. ಆ ವಿಷಯದಲ್ಲಿ ನನ್ನಷ್ಟು ತಿಳಿದವನು ಆ ತಾಲ್ಲೂಕಿನಲ್ಲಿ ಇರಲಿಲ್ಲ.

ಆ ದಿನದ ಅಳುವಿನ ಬಗ್ಗೆ ಹೆಂಡತಿಯನ್ನು ನಾನು ಯಾವತ್ತೂ ಕೇಳಲಿಲ್ಲ. ಕೇಳಲು ಧೈರ್ಯ ಇರಲಿಲ್ಲ. ಅಮ್ಮ ನನ್ನನ್ನು ಹೇಗೋ ಕಾಪಾಡಿದಳು, ನನ್ನಲ್ಲಿ ಏನೋ ಯೋಗ್ಯತೆ ಕಂಡಿರಬೇಕು ಎಂದು ಎರಡು ವರ್ಷ ಒಳಗೊಳಗೇ ಬೀಗಿಕೊಂಡೇ ಇದ್ದೆ.

ಎರಡು ವರ್ಷವಾದ ಮೇಲೆ ಪಾಂಡವಪುರದಲ್ಲಿ ಕಣ್ಣಿನ ಶಿಬಿರ ನಡೆಯಿತು. ಪೊರೆ ತೆಗೆಯುವ ಡಾಕ್ಟರು ಅಜ್ಜಿಯ ಕಣ್ಣು ನೋಡಿ, ಎರಡನ್ನೂ ಮಾಡಬಹುದು, ಚೆನ್ನಾಗಿ ಕಾಣುತ್ತದೆ ಎಂದರು. ಅಜ್ಜಿ ಬಿಲ್‌ಕುಲ್ ಒಪ್ಪಲಿಲ್ಲ. ಮಗ ಹೇಳಿದರೂ ಇಲ್ಲ, ಮೊಮ್ಮಗಳು ಅತ್ತು ಕರೆದರೂ ಇಲ್ಲ. ಕತ್ತರಿ ಕಂಡರೆ ಭಯ ಎಂದು ಎಲ್ಲರೂ ತೀರ್ಮಾನಿಸಿದರು. ಕೊನೆಗೆ, ಕಚೇರಿಯಲ್ಲಿದ್ದು ಮಾತು ಕಲಿತವನು ಎಂದು ನನ್ನನ್ನು ಹೆಂಡತಿಯ ಜೊತೆ ಕಳಿಸಿದರು.

ಅಜ್ಜಿ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಕಾಳು ಒಂದೂ ಆಚೆ ಬೀಳುತ್ತಿರಲಿಲ್ಲ. ಪಕ್ಕದಲ್ಲಿ ಕೂತು ನಾನೂ ಎರಡು ಸುಲಿದೆ.

"ಯಾಕೆ ಅಜ್ಜಿ, ಹೆದರಿಕೆನಾ?"

"ಕತ್ತರಿಗೆ ಯಾರು ಎದ್ರುತಾರೆ ಮಗ. ಒಂಬತ್ತು ಮಕ್ಳ ಎತ್ತಿವ್ನಿ ನಾನು." ಇನ್ನೊಂದು ಕಾಯಿ ಸುಲಿದು, "ಅವಳೆಲ್ಲವ್ಳೆ?" ಎಂದರು.

"ಹಿತ್ತಿಲಲ್ಲಿ."

"ಈ ಕಣ್ಣು ಇನ್ನು ನಂದಲ್ಲ ಕಣ್ ಮಗ. ತಾಯಿ ಎದುರಿಗೆ ನಿಂತ್ಕಂಡು ಕಣ್ಣಾರೆ ಕಂಡೆ ಅಂದ್ಬುಟ್ಟೆ. ಏನು ಕಂಡೆ ನಾನು? ದೀಪಾನೂ ಕಾಣ್ನಿಲ್ಲ. ಸುಳ್ಳಾಡಿದ ಕಣ್ಣ ತಾಯಿ ಮಡಿಕ್ಕಂಡವ್ಳೆ, ಮಡಿಕ್ಕಳ್ಳಿ. ಈಗ ಡಾಕುಟ್ರತ್ರ ಓಗಿ ಕಣ್ಣ ಈಸ್ಕೊಂಡು ಬಂದ್ರೆ, ತಾಯಿ ಕೈಯಿಂದ ಕಿತ್ಕಂಡಂಗಲ್ವಾ?"

"ಯಾಕಜ್ಜಿ ಹಾಗೆ ಹೇಳಿದಿರಿ ಮತ್ತೆ?" ಎಂದೆ.

"ಅವಳು ನಗಾಡ್ದಳಲ್ಲಾ."

"ಯಾರು?"

"ಇನ್ಯಾರು, ನಿನ್ನೆಡ್ತಿ. ನಿನ್ನ ಡಬ್ಬಿ ಕಿರುಚ್ಕೊಂತಲ್ಲ, ಆಗ. ಸೆರಗ ಬಾಯಿಗೆ ತುರುಕ್ಕಂಡು ನಗ್ತಾವ್ಳೆ. ನನ್ನ ಕೈ ಇಡ್ಕಂಡಿದ್ಳಲ್ಲ, ಕೈಯೆಲ್ಲ ನಡುಗ್ತದೆ ನಗೀಗೆ. ಎರಡನೇ ಕಿತ ಎಡಕ್ಕಾದ ಮ್ಯಾಲೆ ಆ ಮಗ ನಗಾಡಿದ್ದ ನಾನು ಕೇಳೇ ಇರ್ನಿಲ್ಲ. ಕಣ್ಣು ಕಾಣ್ದೋರ್ಗೆ ಮನೇಲಿ ನಗು ಇಲ್ದಿದ್ರೆ ಏನದೆ ಮಗ? ಯಾವನೋ ತಿಕ್ಲ ಬಂದವ್ನೆ, ಇವನ ಕುಟೆ ನಗ್ತಾಳೆ, ಓಗ್ಲಿ ಅಂದ್ಕಂಡೆ. ಹೂವು ಎತ್ಲಾಗಾರ ಬೀಳ್ಲಿ ಅಂತ."

ಎರಡು ವರ್ಷ ನಾನು ಬೀಗಿದ್ದು ಇದಕ್ಕೆ. ಅಮ್ಮನಿಗೆ ನನ್ನ ಯೋಗ್ಯತೆ ಕಂಡಿರಲಿಲ್ಲ. ಅಜ್ಜಿಗೆ ನನ್ನ ತಿಕ್ಕಲುತನ ಕೇಳಿಸಿತ್ತು, ಅಷ್ಟೆ. ಆದರೆ ಆಗ ನಗು ಬರಲಿಲ್ಲ. ಏನಾದರೂ ಮಾಡಿ ಇವರ ಮನಸ್ಸಿನಿಂದ ಆ ಸುಳ್ಳನ್ನು ಇಳಿಸಬೇಕು ಅನ್ನಿಸಿತು. ಸಾಕ್ಷಿ ಹೇಳುವವನಂತೆ ನೆಟ್ಟಗೆ ಕೂತು, "ಅಜ್ಜಿ, ನೀವು ಸುಳ್ಳು ಹೇಳಿಲ್ಲ. ಬಲಕ್ಕೇ ಬಿದ್ದದ್ದು. ನಾನು ಹಿಂದೆ ನಿಂತಿದ್ದೆನಲ್ಲ, ಅಮ್ಮನ ಬಲಗೈ ಹತ್ತಿರದಿಂದ ಜಾರಿದ್ದನ್ನು ನೋಡಿದೆ" ಎಂದೆ.

ಅಜ್ಜಿಯ ಕೈ ಅವರೆಕಾಯಿಯ ಮೇಲೆ ನಿಂತಿತು.

"ನೀನು ಆಟ ಆಡ್ತಿದ್ದೆ ಕಣ್ ಮಗ" ಎಂದರು.

ಕೋಪದಿಂದ ಅಂದದ್ದಲ್ಲ. ಇದ್ದದ್ದನ್ನು ಇದ್ದ ಹಾಗೆ ಅಂದರು. ಆ ಗುಡಿಯಲ್ಲಿ ನಿಂತವರಲ್ಲಿ ಆ ಹೂವು ಬೀಳುವುದನ್ನು ನೋಡಲೇಬೇಕಾದವನು ಒಬ್ಬನಿದ್ದರೆ ಅದು ನಾನು. ನಾನು ಕಣ್ಣು ನೆಟ್ಟು ನಿಂತಿದ್ದರೆ ಹೂವು ಎಲ್ಲಿ ಬಿತ್ತೆಂದು ಎಲ್ಲರೂ ನೋಡುತ್ತಿದ್ದರು. ಕಣ್ಣು ಕಾಣದ ಒಂದು ಮುದಿ ಜೀವ ನನಗಾಗಿ ತನ್ನ ಕಣ್ಣನ್ನು ಒತ್ತೆ ಇಡಬೇಕಾಗಿರಲಿಲ್ಲ. ಅಂಥ ನಾಚಿಕೆ ನನಗೆ ಹಿಂದೆಯೂ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ನಾನು ಮತ್ತೆ ಅವರೆಕಾಯಿ ಸುಲಿಯತೊಡಗಿದ್ದನ್ನು ಕಂಡು, ಅಲ್ಲ, ಕೇಳಿ, ಅಜ್ಜಿ ನನ್ನ ಮೊಣಕಾಲಿನ ಮೇಲೆ ಕೈ ಇಟ್ಟರು. "ಸರಿ ಬುಡು. ಈಗ ನೀನೂ ಒಂದು ಸುಳ್ಳಾಡ್ದೆ, ತಾಯಿ ಕೇಳುಸ್ಕಂಡವ್ಳೆ. ಅರ್ಧ ನಂದು, ಅರ್ಧ ನಿಂದು. ಒಂದು ಕಣ್ಣ ಮಾಡುಸ್ಕತೀನಿ. ಇನ್ನೊಂದು ತಾಯಿಗಿರ್ಲಿ." ಆಮೇಲೆ ದನಿ ತಗ್ಗಿಸಿ, "ಅವಳಿಗೆ ಏಳ್ಬ್ಯಾಡ. ನಗಾದ ನಿಲ್ಲುಸ್ಬುಟ್ಟಾಳು" ಎಂದರು.

ಶಿಬಿರದಲ್ಲಿ ಒಂದು ಕಣ್ಣಿಗೆ ಮಾಡಿದರು. ಇನ್ನೊಂದಕ್ಕೆ ಆರು ತಿಂಗಳು ಬಿಟ್ಟು ಬನ್ನಿ ಎಂದರು. ಆರು ತಿಂಗಳಾಯಿತು, ವರ್ಷವಾಯಿತು, ಅಜ್ಜಿ ಹೋಗಲಿಲ್ಲ. ಮಾವ ರೇಗಿದರು. ಹೆಂಡತಿ ನನ್ನ ಮೇಲೆಯೇ ಸಿಟ್ಟಾದಳು: "ನೀವ್ ಹೇಳುದ್ರೆ ಕೇಳ್ತದೆ ಅಜ್ಜಿ. ಒಂದ್ ಮಾತು ಹೇಳಾಕೇನು ನಿಮ್ಗೆ?" ಹೇಳುತ್ತೇನೆ, ಹೇಳುತ್ತೇನೆ ಎಂದು ತಳ್ಳಿಕೊಂಡು ಬಂದೆ. ಅಜ್ಜಿ ಮುಂದೆ ಏಳೆಂಟು ವರ್ಷ ಬದುಕಿದರು. ಮಾಡಿಸಿದ ಕಣ್ಣಿನಿಂದ ನಮ್ಮ ಮಗಳನ್ನು ನೋಡಿದರು, ಮೊದಲ ಸಲ ನನ್ನನ್ನೂ ನೋಡಿ, "ಇವನಾ?" ಎಂದರು. ಇನ್ನೊಂದು ಕಣ್ಣು ಕೊನೆಯವರೆಗೂ ಬೆಳ್ಳಗೇ ಇತ್ತು. ನಾನು ಹೋದಾಗಲೆಲ್ಲ ಕಾಣುವ ಕಣ್ಣಿನ ಕಡೆಗೇ ಕೂರುತ್ತಿದ್ದೆ.